ಲಿಫ್ಟು ನಿಂತ ಮಧ್ಯಾಹ್ನ

"ನಿಲ್ಲಿಸ್ಕೊಂಡೇ ಹೋಗೋಣ," ಎನ್ನುತ್ತ ಭಾವಮೈದುನ ಸ್ಟ್ರೆಚರಿನ ಪಟ್ಟಿಯನ್ನು ಹೆಣದ ಎದೆಯ ಮೇಲೆ ಇನ್ನೊಂದು ಸುತ್ತು ಬಿಗಿದ. "ಮಲಗಿಸಿದ್ರೆ ಈ ಲಿಫ್ಟಲ್ಲಿ ಭಾವ ಅರ್ಧ ಒಳಗೆ, ಅರ್ಧ ಹೊರಗೆ."

ಆಸ್ಪತ್ರೆಯ ವ್ಯಾನಿನ ಡ್ರೈವರು ತಲೆ ಕೆರೆದುಕೊಂಡ. ಹೆಣವನ್ನು ನಿಲ್ಲಿಸಿ ಸಾಗಿಸಿದ ಅನುಭವ ಅವನಿಗಿರಲಿಲ್ಲ. ನೆಲಮಹಡಿಯ ಟೈಲರು ಮಾತ್ರ ಈ ಏರ್ಪಾಟಿಗೆ ತಕ್ಷಣ ಒಪ್ಪಿದ. ಒಪ್ಪದಿದ್ದರೆ ಮೂರು ಮಹಡಿ ಹೆಗಲು ಕೊಡಬೇಕಾದವರಲ್ಲಿ ಅವನೂ ಒಬ್ಬನಾಗಿದ್ದ.

"ತೂಕ ನೋಡಿದ್ರಾ? ದಿನಾ ಮೆಟ್ಟಿಲು ಹತ್ತಿ ಇಳಿದೂ ಒಂದಿಂಚು ಕರಗಿಲ್ಲ. ಹೋದ ತಿಂಗಳು ಪ್ಯಾಂಟು ಹೊಲಿಯುವಾಗ್ಲೇ ಹೇಳಿದ್ದೆ," ಎಂದ ಟೈಲರು.

ಲಿಫ್ಟಿನೊಳಗಿನ ಫಲಕದಲ್ಲಿ 'ನಾಲ್ಕು ಜನ ಅಥವಾ 272 ಕೆ.ಜಿ.' ಎಂದಿತ್ತು. ಡ್ರೈವರು ಅದನ್ನು ಓದಿ, "ಇವರು ಜನದ ಲೆಕ್ಕಕ್ಕೋ, ತೂಕದ ಲೆಕ್ಕಕ್ಕೋ?" ಎಂದು ಕೇಳಿದ. ಯಾರೂ ನಗಲಿಲ್ಲ, ಟೈಲರು ಮುಖ ಆಚೆ ತಿರುಗಿಸಿಕೊಂಡು ನಕ್ಕದ್ದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಭಾವಮೈದುನ ಲಿಫ್ಟ್ ರಿಪೇರಿಯವನು. ಇಪ್ಪತ್ತೆರಡು ವರ್ಷ ಅದೇ ಕೆಲಸ. ಲಿಫ್ಟು ಜಗ್ಗಿ ಮೇಲೆದ್ದಾಗ ಹೆಣದ ಹಣೆ ಬಂದು ಅವನ ಭುಜಕ್ಕೆ ಒರಗಿತು. ಬದುಕಿದ್ದಾಗ ಭಾವ ಅವನ ಭುಜದ ಮೇಲೆ ಕೈ ಕೂಡ ಇಟ್ಟವನಲ್ಲ. ಅವನು ಅಲುಗಾಡದೆ ನಿಂತ. ಒಂದು ಗಂಟೆಯಾದರೂ ಮನೆಯಲ್ಲಿರಲಿ ಎಂದು ಅಕ್ಕ ಹಟ ಹಿಡಿದಿರದಿದ್ದರೆ ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೇ ಹೋಗಬಹುದಿತ್ತು.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಸತ್ತವನ ಹೆಂಡತಿ ಎದುರಿಗೇ ನಿಂತಿದ್ದಳು. ಗಂಡ ನಿಂತಿರುವುದನ್ನು ಕಂಡು ಅವಳ ಮುಖದಲ್ಲಿ ಕ್ಷಣಮಾತ್ರ ಏನೋ ಆಸೆ ಹಾದುಹೋಯಿತು. ಆಮೇಲೆ ಪಟ್ಟಿಗಳು ಕಂಡವು.

"ನಿಧಾನ," ಎಂದಳು. "ತಲೆಗೆ ತಾಗೀತು."

*

ಸತ್ತವನನ್ನು ಸಂಶೋಧನಾಲಯದಲ್ಲಿ ಎಲ್ಲರೂ ಚಳಿಯಣ್ಣ ಎಂದೇ ಕರೆಯುತ್ತಿದ್ದರು. ನಾಲ್ಕನೇ ಮಹಡಿಯ ಪ್ರಯೋಗಶಾಲೆಯಲ್ಲಿ ಅವನು ನೋಡಿಕೊಳ್ಳುತ್ತಿದ್ದ ಯಂತ್ರದೊಳಗಿನ ಚಳಿ ಅಂತಿಂಥದ್ದಲ್ಲ. ಅದಕ್ಕಿಂತ ತಣ್ಣಗಿನ ಜಾಗ ಆಕಾಶದಲ್ಲೂ ಇಲ್ಲ ಎಂದು ಪ್ರೊಫೆಸರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಚಳಿಯ ನಡುವೆ ಉಗುರಿನಷ್ಟು ಅಗಲದ ಒಂದು ಕಂಪ್ಯೂಟರ್ ಚಿಪ್ಪು. ಚಿಪ್ಪಿನ ಮೇಲೆ ಕ್ಯೂಬಿಟ್. ಸಾಮಾನ್ಯ ಕಂಪ್ಯೂಟರಿನಲ್ಲಿ ಲೆಕ್ಕ ಹಿಡಿದಿಡುವ 'ಬಿಟ್' ಸೊನ್ನೆಯಾಗಿರುತ್ತದೆ, ಇಲ್ಲವೇ ಒಂದಾಗಿರುತ್ತದೆ. ಇದು ಹಾಗಲ್ಲ, ಕ್ವಾಂಟಮ್ ವಸ್ತು. ಯಾರೂ ಗದ್ದಲ ಮಾಡದಿದ್ದರೆ ಎರಡೂ ಆಗಿ ಒಟ್ಟಿಗೇ ಇರುತ್ತದೆ, ಗದ್ದಲವಾದರೆ ಕೆಡುತ್ತದೆ. ಎಷ್ಟು ಹೊತ್ತು ಕೆಡದೆ ಇರುತ್ತದೆ ಎಂದು ಅಳೆಯುವುದೇ ಪ್ರೊಫೆಸರರ ಕಸುಬು. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಹೊತ್ತು ಉಳಿದುಬಿಟ್ಟರೆ ತಮ್ಮ ಜನ್ಮ ಸಾರ್ಥಕ ಎಂದು ಅವರು ನಂಬಿದ್ದರು.

ಹೆಂಡತಿಗೆ ಇದನ್ನು ಚಳಿಯಣ್ಣ ಒಂದೇ ಮಾತಿನಲ್ಲಿ ಹೇಳಿದ್ದ: "ಮಗು ಮಲಗಿರೋ ಮನೆ ಇದ್ದಹಾಗೆ ಕಣೇ. ನಾನು ಬಾಗಿಲು ಕಾಯೋನು." ಮಕ್ಕಳಿಲ್ಲದ ಮನೆಯಲ್ಲಿ ಹೋಲಿಕೆಗೆ ಬೇರೇನೂ ಸಿಗಲಿಲ್ಲವೇ ಎಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಒಂಬತ್ತು ವರ್ಷದ ಹಿಂದೆ ಪರದೆಯ ಮೇಲಿನ ಅಳತೆಯ ಗೆರೆ ದಿನಾ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತಿತ್ತು. ಪ್ರೊಫೆಸರು ತಂತಿ ಬದಲಿಸಿದರು, ಚಿಪ್ಪು ಬದಲಿಸಿದರು, ಇಬ್ಬರು ವಿದ್ಯಾರ್ಥಿಗಳನ್ನೂ ಬದಲಿಸಿದರು. ಊಟದ ಹೊತ್ತಿಗೂ ಆಫೀಸು ಬಿಡುವ ಹೊತ್ತಿಗೂ ಹಾರಾಟ ಹೆಚ್ಚು ಎಂಬುದನ್ನು ಗಮನಿಸಿದವನು ಚಳಿಯಣ್ಣ. ಒಂದು ಸ್ಟೂಲು, ಒಂದು ನೋಟ್‌ಬುಕ್ಕು ಹಿಡಿದು ಮೂರು ವಾರ ಲಿಫ್ಟಿನ ಬಾಗಿಲೆದುರು ಕೂತ. ಲಿಫ್ಟು ಹಾದುಹೋದ ಸಮಯವನ್ನೆಲ್ಲ ಬರೆದ. ಗೆರೆ ಹಾರಿದ ಸಮಯದ ಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಯಿತು. ಲಿಫ್ಟಿಗೆ ಕಟ್ಟಿದ ಕಬ್ಬಿಣದ ಭಾರ ಗೋಡೆಯಾಚೆ ಹೋಗಿ ಬರುವಾಗೆಲ್ಲ ಕಾಂತಕ್ಷೇತ್ರ ಕೂದಲೆಳೆಯಷ್ಟು ಅಲುಗುತ್ತಿತ್ತು. ಕ್ಯೂಬಿಟ್ಟಿಗೆ ಅಷ್ಟೇ ಸಾಕಾಗಿತ್ತು.

ಅಂದಿನಿಂದ ಅಳತೆಯ ದಿನ ಆರು ಗಂಟೆ ಕಾಲ ಲಿಫ್ಟಿಗೆ ಬೀಗ. ಅದಕ್ಕೊಂದು ಒಳ್ಳೆಯ ಬೀಗದಕೈ ಮಾಡಿಕೊಟ್ಟವನು ಭಾವಮೈದುನನೇ. "ಇದು ಒಂದೇ ಭಾವ, ಜೇಬಲ್ಲೇ ಇರ್ಲಿ," ಎಂದಿದ್ದ. ಅಲ್ಲಿಗೆ ಕಂಡುಹಿಡಿದವನ ಪಾಲಿಗೆ ಬಂದದ್ದು ಮೆಟ್ಟಿಲು. ಯಂತ್ರಕ್ಕೆ ಬೇಕಾದ ದ್ರವ ನೈಟ್ರೋಜನ್ ಕಟ್ಟಡದ ಹಿಂದಿನ ಟ್ಯಾಂಕಿನಲ್ಲಿ. ಅದನ್ನು ಕ್ಯಾನಿಗೆ ತುಂಬಿಕೊಂಡು ಅಳತೆಯ ದಿನ ನಾಲ್ಕು ಸಲ ನಾಲ್ಕು ಮಹಡಿ ಹತ್ತಬೇಕು.

ಈ ವರ್ಷ ಡಾಕ್ಟರು ಎದೆಯ ಮೇಲೆ ಯಂತ್ರವಿಟ್ಟು ನೋಡಿ, ಭಾರ ಬೇಡ, ಮೆಟ್ಟಿಲು ಬೇಡ ಎಂದರು. ಅವತ್ತು ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರು. ಕೊನೆಗೆ ಅವನು ಇಳಿದುಬಂದ.

"ಆಯ್ತು. ಎದೆ ಹಿಡ್ಕೊಳ್ತು ಅಂದ್ರೆ ಆ ಕ್ಷಣಕ್ಕೆ ಲಿಫ್ಟು ತೆಗೆಸ್ತೀನಿ. ಗೆರೆ ಕೆಟ್ರೆ ಕೆಡ್ಲಿ."

"ಆಣೆ ಮಾಡಿ."

"ನಿನ್ನಾಣೆ."

ಅವಳು ಅಷ್ಟಕ್ಕೇ ನಂಬಿದಳು. ನಂಬಲು ಕಾರಣವೂ ಇತ್ತು. ಮೂವತ್ತೊಂದು ವರ್ಷದಲ್ಲಿ ಅವನು ಹಾಕಿದ ಆಣೆ ಅದೊಂದೇ.

*

ಹೆಣವನ್ನು ಮುಂದಿನ ಕೋಣೆಯಲ್ಲಿ, ಟಿ.ವಿ. ಸರಿಸಿದ ಜಾಗದಲ್ಲಿ ಮಲಗಿಸಿದರು. ಅಕ್ಕಪಕ್ಕದವರು ಪ್ಲಾಸ್ಟಿಕ್ ಕುರ್ಚಿ ತಂದು ಕೂತರು. ಸ್ವಲ್ಪ ಹೊತ್ತು ದುಃಖದ ಮಾತಾಡಿ, ಆಮೇಲೆ ನೀರಿನ ಮೋಟಾರಿನ ಮಾತಾಡಿದರು.

"ಜೀವಮಾನವೆಲ್ಲ ಚಳಿ ಕಾದ ಮನುಷ್ಯ," ಎಂದು ಟೈಲರು ಪಕ್ಕದವನ ಕಿವಿಯಲ್ಲಿ ಹೇಳಿದ. "ಇವತ್ತು ಎರಡು ಗಂಟೆಗೆ ಬೆಚ್ಚಗಾಗ್ತಾನೆ."

ಪಕ್ಕದವನು ಕೆಮ್ಮಿ ನಗು ನುಂಗಿದ.

ಹನ್ನೆರಡೂವರೆಗೆ ಪ್ರೊಫೆಸರು ಬಂದರು. ಹಿಂದೆ ಅವರ ಸಂಶೋಧನಾ ವಿದ್ಯಾರ್ಥಿನಿ, ಐದನೇ ವರ್ಷದ ಹುಡುಗಿ. ರಾತ್ರಿಯೆಲ್ಲ ಅತ್ತ ಕಣ್ಣು. ಪ್ರೊಫೆಸರು ಹೆಣದ ಮುಂದೆ ಕೈಕಟ್ಟಿ ಒಂದು ನಿಮಿಷ ನಿಂತರು. ನಿಂತದ್ದು ಸರಿಯಾಗಿ ಒಂದೇ ನಿಮಿಷ. ಅಳೆಯುವುದು ಅವರಿಗೆ ರೂಢಿ. ಯಾರೋ ಹಿರಿಯರು, "ಇವರು ಅಲ್ಲಿ ಏನು ಕೆಲಸ ಮಾಡ್ತಿದ್ರು ಸಾರ್?" ಎಂದು ಕೇಳಿದ್ದೇ ಅವರ ಮುಖಕ್ಕೆ ಕಳೆ ಬಂತು. ಮುಂದೆ ಕ್ವಾಂಟಮ್ ಕಂಪ್ಯೂಟರು ಬಂದಾಗ ಔಷಧಿ ಕಂಡುಹಿಡಿಯುವುದು ಎಷ್ಟು ಸುಲಭವಾಗುತ್ತದೆ, ಹೃದಯದ ಔಷಧಿ ಕೂಡ, ಎಂದು ಕೈ ಆಡಿಸುತ್ತ ವಿವರಿಸಿದರು. ಹೆಣದ ಕಾಲಿಗೆ ಬೂಟು ತಾಗಿದಾಗ ಅರ್ಧ ಹೆಜ್ಜೆ ಸರಿದರು.

"ನಿನ್ನೆಯ ಅಳತೆಯಷ್ಟು ಶುದ್ಧವಾದ ಗೆರೆ ಈವರೆಗೆ ನಮಗೆ ಬಂದೇ ಇರ್ಲಿಲ್ಲ," ಎಂದರು. "ಪ್ರಬಂಧದಲ್ಲಿ ಅವರ ಹೆಸರು ಹಾಕ್ತೀವಿ ಅಮ್ಮ. ನನ್ನ ಹೆಸರಿನ ಜೊತೆಗೇ."

ಗೋಡೆಗೊರಗಿ ಕೂತಿದ್ದ ಹೆಂಡತಿ ಎದ್ದು ಬಂದಳು.

"ಹೆಸರು ಇರ್ಲಿ ಸಾರ್. ನಂಗೊಂದು ಮಾತು ಗೊತ್ತಾಗ್ಬೇಕು. ಎದೆ ಹಿಡ್ಕೊಂಡಾಗ ಅವರು ಲಿಫ್ಟು ತೆಗೀರಿ ಅಂತ ಕೇಳಿದ್ರಾ, ಇಲ್ವಾ?"

ಕೋಣೆಯಲ್ಲಿ ಮೋಟಾರಿನ ಮಾತು ನಿಂತಿತು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾವು ತೆಗೀತೀವಿ ಅಂದ್ವಿ ಅಮ್ಮ. ಅವರೇ ಬೇಡ ಅಂದ್ರು. ಅಳತೆ ಮುಗೀಲಿ ಅಂದ್ರು. ಅಂಥ ಮನುಷ್ಯ ನೋಡಿ, ಕೆಲಸ ಅಂದ್ರೆ ಪ್ರಾಣ."

"ಅವರೇ ಬೇಡ ಅಂದ್ರಾ?"

"ಅವರೇ."

ಅವಳು ಹುಡುಗಿಯ ಕಡೆ ತಿರುಗಿದಳು. "ನೀನಿದ್ಯಾ ಅಲ್ಲಿ?"

ಹುಡುಗಿ ತಲೆಯಾಡಿಸಿದಳು.

"ನೀನು ಹೇಳು. ಬೇಡ ಅಂದ್ರಾ?"

ಹುಡುಗಿ ಪ್ರೊಫೆಸರರನ್ನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಐದು ವರ್ಷದ ದುಡಿಮೆ, ಬರುವ ತಿಂಗಳ ಪರೀಕ್ಷೆ, ಸಿಗಬೇಕಾದ ಸಹಿ, ಎಲ್ಲ ಅವಳ ಪಕ್ಕದಲ್ಲೇ ಕನ್ನಡಕ ಒರೆಸುತ್ತ ನಿಂತಿತ್ತು.

"ಹೌದಮ್ಮ," ಎಂದಳು. "ಬೇಡ ಅಂದ್ರು."

ಹೆಂಡತಿ ಅಳಲಿಲ್ಲ. ಹೆಣದ ಹತ್ತಿರ ಹೋಗಿ, ಬಂದಾಗಿನಿಂದ ಅವನ ಕೈಮೇಲೆ ಹಾಕಿದ್ದ ತನ್ನ ಶಾಲನ್ನು ಎಳೆದುಕೊಂಡಳು.

"ನನ್ನಾಣೆಗೆ ಅಷ್ಟೇ ಬೆಲೆ," ಎಂದಳು ಅವನ ಮುಖಕ್ಕೆ. "ಹೋಗಿ. ಆ ಗೆರೆ ಜೊತೇಲೇ ಹೋಗಿ. ನಿಮ್ಮ ಹಿಂದೆ ನಾನು ಬರಲ್ಲ."

ಹೆಣ ಹೊರಡುವ ಹೊತ್ತಿಗೆ ಭಾವಮೈದುನ, ಅಕ್ಕ ಒಳಗಿಂದ ಚಿಲಕ ಹಾಕಿಕೊಂಡಿದ್ದ ಅಡುಗೆಮನೆಯ ಬಾಗಿಲು ತಟ್ಟಿ ತಟ್ಟಿ ಸೋತ. ಒಳಗಿಂದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ತೊಳೆಯಲು ಅಂದು ಪಾತ್ರೆಗಳೇ ಇರಲಿಲ್ಲ.

*

ಹಿಂದಿನ ದಿನ ಅಳತೆ ಒಂಬತ್ತಕ್ಕೆ ಶುರುವಾಗಿತ್ತು, ಮೂರಕ್ಕೆ ಮುಗಿಯಬೇಕಿತ್ತು. ಎರಡು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಹುಡುಗಿ ಮೆಟ್ಟಿಲಿಳಿಯುವಾಗ ಚಳಿಯಣ್ಣ ಮೂರನೇ ಮಹಡಿಯ ತಿರುವಿನಲ್ಲಿ ಕೂತಿದ್ದ. ಕ್ಯಾನು ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಮೊದಲು ಅದನ್ನು ಇಳಿಸಿ ಆಮೇಲೆ ತಾನು ಕುಸಿದಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿ, ಅಂಗಿ ಒದ್ದೆಯಾಗಿ ಮೈಗಂಟಿತ್ತು.

"ಲಿಫ್ಟು ತೆಗಿಯಮ್ಮ," ಎಂದ. "ಕೆಳಗೆ ಹೋಗ್ಬೇಕು." ಜೇಬಿನ ಬೀಗದಕೈ ತೆಗೆದು ಕೊಟ್ಟ.

ಹುಡುಗಿ ಅದನ್ನು ಹಿಡಿದು ಓಡಿದಳು. ಆದರೆ ಕೆಳಗೆ ಬೀಗದ ಹತ್ತಿರ ಓಡಲಿಲ್ಲ, ಮೇಲೆ ಪ್ರೊಫೆಸರರ ಹತ್ತಿರ ಓಡಿದಳು. ಐದು ವರ್ಷದಲ್ಲಿ ಅವಳು ಕೇಳದೆ ಒಂದು ಗುಂಡಿಯನ್ನೂ ಒತ್ತಿದವಳಲ್ಲ.

ಪ್ರೊಫೆಸರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮಾತಾಡ್ತಿದಾರಾ?"

"ಮಾತಾಡ್ತಿದಾರೆ ಸಾರ್. ತುಂಬ ಬೆವರ್ತಿದಾರೆ."

"ಮೆಟ್ಟಿಲು ಹತ್ತಿದ್ರೆ ಎಲ್ಲರೂ ಬೆವರ್ತಾರೆ. ಮೂವತ್ತೆಂಟು ನಿಮಿಷ ಇದೆ. ಗೆರೆ ನೋಡು, ಸೆಕೆಂಡಿನ ಸಾವಿರದಲ್ಲೊಂದು ಪಾಲು ದಾಟ್ತಾ ಇದೆ. ಈಗ ಲಿಫ್ಟು ಅಲುಗಿದ್ರೆ ಬೆಳಗಿಂದ ಮಾಡಿದ್ದೆಲ್ಲ ಕಸ." ಬೀಗದಕೈಯನ್ನು ತೆಗೆದುಕೊಂಡು ಕಾಫಿ ಲೋಟದ ಪಕ್ಕ ಇಟ್ಟರು. "ಕೂತಿರ್ಲಿ. ನೀರು ಕೊಡು. ಬರುವಾಗ ಆ ಕ್ಯಾನು ತಂದುಬಿಡು, ನೈಟ್ರೋಜನ್ ಮಟ್ಟ ಇಳೀತಿದೆ."

"ಆಂಬುಲೆನ್ಸಿಗೆ ಹೇಳ್ಲಾ ಸಾರ್?"

"ಹೇಳು, ಮೂರು ಗಂಟೆಗೆ ಬರೋ ಹಾಗೆ. ಮೊದಲೇ ಬಂದ್ರೆ ಲಿಫ್ಟು ಕೇಳ್ತಾರೆ."

ಹುಡುಗಿ ನೀರು ಕೊಟ್ಟಳು. ಎರಡು ಗುಟುಕು ಒಳಗೆ ಹೋಯಿತು, ಉಳಿದದ್ದು ಗದ್ದದ ಮೇಲೆ ಹರಿಯಿತು. ಅವಳು ಕ್ಯಾನು ಎತ್ತಿಕೊಂಡಾಗ ಅವನ ಕಣ್ಣು ಅದರ ಹಿಂದೆಯೇ ಹೋಯಿತು.

"ಎರಡೂ ಕೈಲಿ ಹಿಡ್ಕೊ. ಕಾಲಿಗೆ ಚೆಲ್ಲೀತು," ಎಂದ. ಆಮೇಲೆ ಕೇಳಿದ, "ಲಿಫ್ಟು?"

"ಬರುತ್ತೆ ಚಳಿಯಣ್ಣ. ಇನ್ನೊಂಚೂರು."

ನೈಟ್ರೋಜನ್ನನ್ನು ಗಡಿಬಿಡಿಯಲ್ಲಿ ಸುರಿಯುವಂತಿಲ್ಲ. ತೆಳ್ಳಗೆ, ಸದ್ದಾಗದಂತೆ ಸುರಿಯಬೇಕು. ಹಾಗೆ ಸುರಿಯುವುದನ್ನು ಅವಳಿಗೆ ಕಲಿಸಿದವನು ಅವನೇ. ಅವನು ಕಲಿಸಿದಂತೆಯೇ ಹತ್ತು ನಿಮಿಷ ಹಿಡಿದು ಸುರಿದಳು. ತಿರುಗಿ ಇಳಿದು ಬಂದಾಗ ಅವನು ಗೋಡೆಯಿಂದ ಜಾರಿ ಒಂದು ಮಗ್ಗುಲಾಗಿದ್ದ. ಅವಳ ಅಂಗಿಯ ತುದಿಯನ್ನು ಹಿಡಿದುಕೊಂಡ.

"ಮನೇಲಿ ಮಾತು ಕೊಟ್ಟಿದೀನಿ," ಎಂದ. "ತೆಗಿಯಮ್ಮ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೇಲೆ ಹೋದಳು. ಒಂಬತ್ತು ನಿಮಿಷ ಉಳಿದಿತ್ತು. ಒಂಬತ್ತೇ ತಾನೆ, ಎಂದುಕೊಂಡು ಪರದೆಯ ಮುಂದೆ ಕೂತಳು. ಗೆರೆ ಎಲ್ಲೂ ಹಾರದೆ ಬರುತ್ತಿತ್ತು. ಅಷ್ಟು ಚೆಂದದ ಗೆರೆಯನ್ನು ಅವಳು ನೋಡಿರಲೇ ಇಲ್ಲ. ಒಂದು ಗಳಿಗೆ ಅವಳಿಗೆ ಸಂತೋಷವಾಯಿತು. ಮೂರು ಗಂಟೆಗೆ ಪ್ರೊಫೆಸರು ಚಪ್ಪಾಳೆ ತಟ್ಟಿ, ಬೀಗದಕೈ ಎತ್ತಿಕೊಟ್ಟು, "ಈಗ ತೆಗಿ," ಎಂದರು. ಲಿಫ್ಟು ಮೂರನೇ ಮಹಡಿಗೆ ಬಂದಾಗ ಅದನ್ನು ಹತ್ತಬೇಕಾದ ಮನುಷ್ಯ ಉಸಿರಾಡುತ್ತಿರಲಿಲ್ಲ.

*

ಚಿತಾಗಾರದಲ್ಲಿ ಎರಡು ಗಂಟೆಯ ಸರದಿ ಹತ್ತು ನಿಮಿಷ ತಡವಾಯಿತು. ಕುಲುಮೆಯವನು ಹೆಸರು, ವಯಸ್ಸು ಬರೆದುಕೊಂಡು, "ಹತ್ತಿರದವರು ಇನ್ಯಾರಾದ್ರೂ ಬರೋರಿದಾರಾ?" ಎಂದ. ಭಾವಮೈದುನ ಇಲ್ಲವೆಂದ. ಹೆಣ ಕಂಬಿಗಳ ಮೇಲೆ ಉರುಳಿ ಒಳಗೆ ಹೋಯಿತು. ಕಬ್ಬಿಣದ ಬಾಗಿಲು ಇಳಿಯಿತು.

ಪ್ರೊಫೆಸರು ಭಾವಮೈದುನನನ್ನು ಪಕ್ಕಕ್ಕೆ ಕರೆದು ಜೇಬಿನಿಂದ ಬೀಗದಕೈ ತೆಗೆದರು.

"ಇದನ್ನ ಮಾಡಿದ್ದು ನೀವೇ ಅಂತೆ. ಇಂಥದ್ದೇ ಇನ್ನೊಂದೆರಡು ಮಾಡಿಕೊಡ್ತೀರಾ? ಒಬ್ಬರ ಹತ್ರಾನೇ ಇದ್ರೆ ಎಷ್ಟು ಕಷ್ಟ ನೋಡಿ. ನಾಡಿದ್ದು ಮತ್ತೆ ಅಳತೆ ಇದೆ."

ಭಾವಮೈದುನ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಪ್ರೊಫೆಸರು ಗಡಿಯಾರ ನೋಡಿ, ಮೀಟಿಂಗ್ ಇದೆಯೆಂದು ಕಾರು ಹತ್ತಿದರು. ಹುಡುಗಿ, ಬಸ್ಸಿಗೆ ಹೋಗುತ್ತೇನೆಂದು ಉಳಿದಳು. ಅವನು ಅವಳೆದುರು ಬಂದು ನಿಂತ.

"ಭಾವ ಲಿಫ್ಟು ಬೇಡ ಅಂದ್ರಲ್ಲ, ಮತ್ತೆ ಇದನ್ನ ಅವರ ಜೇಬಿಂದ ಯಾರು ತೆಗೆದ್ರು?"

ಸಿಟ್ಟಿನ ಪ್ರಶ್ನೆಯಲ್ಲ. ರಿಪೇರಿಗೆ ಹೋದಲ್ಲಿ ಮೊದಲು ಯಾರು ಮುಟ್ಟಿದರು ಎಂದು ಕೇಳುವ ಹಾಗೆ ಕೇಳಿದ. ಸುಳ್ಳಿನ ಮೇಲೆ ಸುಳ್ಳು ಹೇಳಲು ಹುಡುಗಿಗೆ ಇನ್ನು ತ್ರಾಣವಿರಲಿಲ್ಲ.

"ಯಾರೂ ತೆಗೀಲಿಲ್ಲ," ಎಂದಳು. "ಅವರೇ ಕೊಟ್ರು. ಲಿಫ್ಟು ತೆಗಿ ಅಂತ."

ಅವನು ಅವಳಿಗೆ ಹೊಡೆಯಲಿಲ್ಲ. ಗೋಡೆಯ ಕಡೆ ತಿರುಗಿ ಅಕ್ಕನಿಗೆ ಫೋನು ಮಾಡಿದ. ಅಕ್ಕ ಆಟೋ ಹಿಡಿದು ಬರುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಕೈಯಲ್ಲಿ ಇನ್ನೂ ಸೋಪಿನ ನೊರೆ ಒಣಗಿ ಅಂಟಿತ್ತು. ಅವಳು ನೇರ ಕುಲುಮೆಯವನ ಬಳಿ ಹೋದಳು.

"ಒಂದ್ಸಲ ತೆಗೀರಪ್ಪ. ಮುಖ ನೋಡ್ಬೇಕು. ಏನೋ ಅಂದ್ಬಿಟ್ಟೆ ಅವರಿಗೆ."

"ಈಗ ಮುಖ ಎಲ್ಲಿರುತ್ತಮ್ಮ," ಎಂದ ಅವನು. ಕೆಟ್ಟವನಲ್ಲ, ದಿನಕ್ಕೆ ಏಳೆಂಟು ಸಲ ಆ ಮಾತು ಹೇಳಬೇಕಾದವನು.

ಅವಳು ತಿರುಗಿ, ಹುಡುಗಿ ಕೂತಿದ್ದ ಬೆಂಚಿಗೆ ಬಂದು, ಪಕ್ಕದಲ್ಲಿ ಕೂತು, ಅವಳ ಮುಂಗೈ ಹಿಡಿದಳು. ಹುಡುಗಿ ಏಟಿಗಾಗಿ ಕಣ್ಣು ಮುಚ್ಚಿಕೊಂಡಳು.

"ಎಷ್ಟು ಸಲ ಕೇಳಿದ್ರು?"

"ಮೂರು ಸಲ."

"ಹೇಳು. ಒಂದೂ ಬಿಡಬೇಡ."

ಹುಡುಗಿ ಹೇಳಿದಳು. ಬೀಗದಕೈ, ನೀರು, ಕ್ಯಾನು, ಸುರಿದ ಹತ್ತು ನಿಮಿಷ, ಬಿಡಿಸಿದ ಬೆರಳು. ಹೇಳುತ್ತ ಹೇಳುತ್ತ ಅವಳ ದನಿ ಒಡೆದು ಅಳುವಾಯಿತು. ಹೆಂಡತಿ ಅಳುವಿನ ಕಡೆ ಗಮನ ಕೊಡಲಿಲ್ಲ. ಅವಳ ಮುಖ ಮೆಲ್ಲಗೆ ಅರಳುತ್ತಿತ್ತು. ಭಾವಮೈದುನ ಅದನ್ನು ನೋಡಲಾಗದೆ ಗೇಟಿನಾಚೆ ಹೋಗಿ ನಿಂತ.

"ಮೂರನೇ ಸಲ ಏನಂದ್ರು?"

"ಮಾತು ಕೊಟ್ಟಿದೀನಿ ಅಂದ್ರು."

"ಯಾರಿಗೆ ಅಂದ್ರು? ಹೆಂಡ್ತಿಗೆ ಅಂದ್ರಾ, ಮನೇಲಿ ಅಂದ್ರಾ?"

"ಮನೇಲಿ. ಮನೇಲಿ ಮಾತು ಕೊಟ್ಟಿದೀನಿ ಅಂದ್ರು."

"ಹೂಂ," ಎಂದಳು. "ಹಾಗೇ ಅನ್ನೋದು ಅವರು." ತುಟಿಯಲ್ಲೇ ಆ ಮಾತನ್ನು ಇನ್ನೊಂದು ಸಲ ಆಡಿಕೊಂಡಳು. "ಮತ್ತೆ ಹೇಳು. ಮೊದಲಿಂದ."

"ಅಮ್ಮ, ನನ್ನ ಕೈಲಾಗಲ್ಲ."

"ಆಗುತ್ತೆ. ನೀನು ಮೆಟ್ಟಿಲು ಇಳೀತಿದ್ದೆ. ಅವರು ಕೂತಿದ್ರು. ಆಮೇಲೆ?"

ಹುಡುಗಿ ಎರಡನೇ ಸಲ ಹೇಳಿದಳು. ಕ್ಯಾನು ಎತ್ತಿಕೊಂಡ ಜಾಗಕ್ಕೆ ಬಂದಾಗ ಬಿಕ್ಕಳಿಕೆ ಹತ್ತಿ ನಿಂತಳು. ಹೆಂಡತಿ ಮುಂಗೈ ಬಿಗಿ ಮಾಡಿ ಕಾದಳು, ಬಿಕ್ಕಳಿಕೆ ಇಳಿದ ಮೇಲೆ ಅಲ್ಲಿಂದಲೇ ಮುಂದಕ್ಕೆ ಹೇಳಿಸಿದಳು.

ಅವಳು ಮೂರನೇ ಸಲ ಮೊದಲಿನಿಂದ ಹೇಳಿಸುತ್ತಿದ್ದಾಗ ಕುಲುಮೆಯವನು ಬೂದಿಯಿದ್ದ ಸ್ಟೀಲಿನ ತಟ್ಟೆ ಹಿಡಿದುಕೊಂಡು ಬಂದ. "ಅಮ್ಮ, ಮುಗೀತು. ತಗೊಳ್ಳಿ," ಎಂದ. ಅವಳು ತಿರುಗಿ ನೋಡದೆ, ಇರು ಎಂದು ಕೈ ತೋರಿಸಿದಳು.

"ಎರಡೂ ಕೈಲಿ ಹಿಡ್ಕೊ ಅಂದ್ರು," ಎನ್ನುತ್ತಿದ್ದಳು ಹುಡುಗಿ. "ಕಾಲಿಗೆ ಚೆಲ್ಲೀತು ಅಂದ್ರು."

"ಹೂಂ. ಆಮೇಲೆ?"

ಕುಲುಮೆಯವನು ಕಾದ. ಮುಂದಿನ ವ್ಯಾನು ಗೇಟಿನಲ್ಲಿ ಹಾರ್ನ್ ಹೊಡೆಯಿತು. ಅವನು ಬಿಸಿ ಆರದ ತಟ್ಟೆಯನ್ನು ಬೆಂಚಿನ ಮೇಲೆ ಇಬ್ಬರ ನಡುವೆ ಇಟ್ಟು ಬಾಗಿಲು ತೆರೆಯಲು ಹೋದ.